ಹಾರ ತರುವವರನ್ನು ಕೇಳೋಣ

ಕೆ.ಎಸ್. ಪುಟ್ಟಣ್ಣಯ್ಯನವರು 2018ರ ಫೆಬ್ರವರಿ 18ರಂದು ಮಂಡ್ಯದಲ್ಲಿ ಕಬಡ್ಡಿ ನೋಡುತ್ತಿದ್ದಾಗ ಹೃದಯಾಘಾತವಾಗಿ ತೀರಿಕೊಂಡರು. ಅಂದಿನಿಂದ ಅವರ ಪಟಕ್ಕೆ ಹಾರದ ಕೊರತೆಯಿಲ್ಲ. ಆದರೆ ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು 2020ರಲ್ಲಿ ಖಾಸಗಿಯವರಿಗೆ 40 ವರ್ಷಗಳ ಗುತ್ತಿಗೆಗೆ ಬರೆದುಕೊಟ್ಟಾಗ, ಹಾರ ಹಾಕುವ ಎಷ್ಟೋ ಕೈಗಳು ಜೇಬಿನಲ್ಲಿದ್ದವು!

ಕ್ಯಾತನಹಳ್ಳಿಯ ಈ ರೈತ ಕೆಂಬಾವುಟ ಹಿಡಿದವರಲ್ಲ. ಹಸಿರು ಶಾಲು ಹೊದ್ದು, ರೈತ ಸಂಘದಿಂದ 1994ರಲ್ಲಿ ಪಾಂಡವಪುರದಲ್ಲಿ, ಸರ್ವೋದಯ ಕರ್ನಾಟಕ ಪಕ್ಷದಿಂದ 2013ರಲ್ಲಿ ಮೇಲುಕೋಟೆಯಲ್ಲಿ ಗೆದ್ದವರು. ಅಷ್ಟಕ್ಕೇ ನಾವು ಅವರನ್ನು ಜಮೀನುಳ್ಳವರ ಮುಖಂಡರೆಂದು ದೂರವಿಟ್ಟೆವು. ತಪ್ಪು ನಮ್ಮದೇ, ಒಪ್ಪಿಕೊಳ್ಳುತ್ತೇವೆ. ಕಬ್ಬಿನ ಬಾಕಿಗಾಗಿ ರಸ್ತೆಯಲ್ಲಿ ಕುಳಿತ ರೈತನಿಗೂ ಸಂಬಳದ ಬಾಕಿಗಾಗಿ ಗೇಟಿನ ಮುಂದೆ ನಿಂತ ಕಾರ್ಮಿಕನಿಗೂ ಕೊಡಬೇಕಾದವನು ಒಬ್ಬನೇ ಅಲ್ಲವೇ?

ಕಬ್ಬಿನ ಬಟವಾಡೆ ನಿಂತರೆ ಸಂತೆಯೂ ನಿಲ್ಲುತ್ತದೆ. ಶ್ರೀರಂಗಪಟ್ಟಣದ ಜವಳಿ ಅಂಗಡಿಯವರೂ ಕೆ.ಆರ್. ಪೇಟೆಯ ದಿನಸಿಯವರೂ ತಮ್ಮ ಸಾಲದ ಪುಸ್ತಕ ತೆಗೆದು ನೋಡಲಿ. ನಾಗಮಂಗಲದ ಬೆದ್ದಲಿನಲ್ಲಿ ರಾಗಿ ಬಿತ್ತುವವನ ಸಾಲವೂ ಬೇರೆ ಜಾತಿಯದಲ್ಲ.

2023ರಲ್ಲಿ ಮಗ ದರ್ಶನ್ ಮೇಲುಕೋಟೆ ಗೆದ್ದರು, ಸಂತೋಷ. ಆದರೆ ಮುಂದಿನ ಫೆಬ್ರವರಿಗೆ ಹಾರ ಹಿಡಿದು ಬರುವ ಪ್ರತಿ ಮುಖಂಡನನ್ನೂ, ಯಾವ ಪಕ್ಷದವನೇ ಆಗಲಿ, ಕಾರ್ಮಿಕ ಬಂಧುಗಳು ತಡೆದು ಕೇಳಬೇಕು: ಸ್ವಾಮಿ, ಆ 40 ವರ್ಷದ ಗುತ್ತಿಗೆಗೆ ತಾವು ಹೂಂ ಅಂದಿರೋ, ಊಹೂಂ ಅಂದಿರೋ?