ಒತ್ತಡ ಸಂವೇದಕವೂ ಪ್ರಮಾಣ ವಿಚಾರವೂ

ಕಣ್ಣಾರೆ ಕಂಡದ್ದು ಪ್ರತ್ಯಕ್ಷ. ಹೊಗೆಯಿಂದ ಬೆಂಕಿಯನ್ನರಿಯುವುದು ಅನುಮಾನ. ಆಪ್ತರ ಮಾತನ್ನು ನಂಬಿ ತಿಳಿಯುವುದು ಶಬ್ದ. ತರ್ಕಶಾಸ್ತ್ರದ ಈ ಭೇದವು ಪ್ರೌಢಶಾಲೆಯ ಪ್ರಯೋಗಶಾಲೆಗೂ ಸಲ್ಲುವುದೆಂದರೆ ಕೆಲವರು ನಕ್ಕಾರು. ಆದರೆ ಒತ್ತಡ ಸಂವೇದಕವನ್ನು, ಮಕ್ಕಳ ಮಾತಿನಲ್ಲಿ ಹೇಳುವುದಾದರೆ ಸೆನ್ಸಾರನ್ನು, ನೋಡಿದಾಗಲೆಲ್ಲ ನನಗೆ ನೆನಪಾಗುವುದು ಇದೇ.

ಫಲಕದ ಮೇಲೆ ಅಂಕಿ ಮೂಡಿದೊಡನೆ ವಿದ್ಯಾರ್ಥಿಯು ಒತ್ತಡವನ್ನು ಕಂಡೆನೆನ್ನುತ್ತಾನೆ. ಅವನು ಕಂಡದ್ದು ಅಂಕಿಯನ್ನು ಮಾತ್ರ. ಇಂತಹ ಉಪಕರಣದೊಳಗೆ ಸಾಮಾನ್ಯವಾಗಿ ಸಿಲಿಕಾನಿನ ತೆಳುಪೊರೆಯೊಂದಿರುತ್ತದೆ. ಗಾಳಿಯ ಒತ್ತಡಕ್ಕೆ ಅದು ಬಾಗುತ್ತದೆ. ಬಾಗಿದಂತೆ ಅದರಲ್ಲಿನ ವಿದ್ಯುತ್ ರೋಧವು ಬದಲಾಗುತ್ತದೆ. ಆ ಬದಲಾವಣೆಯಿಂದ ಒತ್ತಡವನ್ನು ಗಣಿಸಲಾಗುತ್ತದೆ. ಈ ಸರಪಣಿಯನ್ನು ಬಲ್ಲವನಿಗೆ ಅಂಕಿಯು ಅನುಮಾನ. ಅರಿಯದವನಿಗೆ ಬರಿಯ ಆಪ್ತವಾಕ್ಯ.

ಬೆಂಗಳೂರಿನಲ್ಲಿ ಈ ಉಪಕರಣವನ್ನಿಟ್ಟರೆ ಅದು ಸುಮಾರು 910 ಹೆಕ್ಟೋಪಾಸ್ಕಲ್ ತೋರಿಸುತ್ತದೆ. ಪಠ್ಯದಲ್ಲಿರುವುದು 1013. ಬಾಲಕನು ರೆಕಾರ್ಡು ಪುಸ್ತಕದಲ್ಲಿ ಏನನ್ನು ಬರೆಯಬೇಕು? ಅಂಕಗಳ ಭಯದಿಂದ 1013 ಎಂದು ಬರೆದನೆಂದರೆ ಪ್ರಯೋಗವು ಅಲ್ಲಿಗೇ ಸತ್ತಿತು. ಕಂಡ ಅಂಕಿಯನ್ನೇ ಬರೆದು ಏಕೆಂದು ಕೇಳಿದನಾದರೆ, 1013 ಎಂಬುದು ಸಮುದ್ರಮಟ್ಟದ ಸರಾಸರಿಯೆಂದೂ ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆಯೆಂದೂ ಅರಿಯುತ್ತಾನೆ. 1648ರಲ್ಲಿ ಪಾಸ್ಕಲನ ಕೋರಿಕೆಯಂತೆ ಅವನ ಭಾವ ಪೆರಿಯೆ, ಫ್ರಾನ್ಸಿನ ಪ್ಯೂಯಿ ದ ದೋಮ್ ಪರ್ವತವನ್ನು ಪಾದರಸದ ನಳಿಗೆಯೊಡನೆ ಏರಿ ಕಂಡುಕೊಂಡದ್ದೂ ಇದನ್ನೇ: ಮೇಲೇರಿದಂತೆ ಗಾಳಿಯ ಒತ್ತಡ ತಗ್ಗುತ್ತದೆ.

ಪಾದರಸವು ವಿಷ, ಅದು ಮಕ್ಕಳ ಕೈಗೆ ಬಾರದಿರುವುದೇ ಲೇಸು. ಆದುದರಿಂದ ಸಂವೇದಕಕ್ಕೆ ನನ್ನ ವಿರೋಧವಿಲ್ಲ.

ಬಾಯಿಲನ ನಿಯಮದ ಪ್ರಯೋಗವನ್ನೇ ನೋಡಿ. ಸಿರಿಂಜಿನೊಳಗಿನ 20 ಮಿಲಿಲೀಟರ್ ಗಾಳಿಯನ್ನು ಮೆಲ್ಲನೆ 10ಕ್ಕೆ ಒತ್ತಿದರೆ ಒತ್ತಡವು ಇಮ್ಮಡಿಯಾಗಬೇಕು. ಆಗುವುದಿಲ್ಲ, ಕೊಂಚ ಕಡಮೆಯೇ ಬರುತ್ತದೆ. ಸಿರಿಂಜನ್ನೂ ಸಂವೇದಕವನ್ನೂ ಜೋಡಿಸುವ ನಳಿಗೆಯಲ್ಲಿಯೂ ಗಾಳಿಯಿದೆಯಲ್ಲ, ಅದನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ! ಇದನ್ನು ತಾನೇ ಕಂಡುಕೊಂಡ ಹುಡುಗಿಗೆ, ಸರಿಯುತ್ತರವನ್ನು ನಕಲುಮಾಡಿದ ಹತ್ತು ಮಂದಿಗಿಂತ ಹೆಚ್ಚು ಅಂಕ ಸಲ್ಲಬೇಕು. ನಮ್ಮ ಪರೀಕ್ಷಕರು ಕೊಡುವರೆಂಬ ಭರವಸೆ ನನಗಿಲ್ಲ.

ಶ್ರೀಮಠದ ಈ ಶಾಲೆಯಲ್ಲಾದರೂ ರೆಕಾರ್ಡು ಪುಸ್ತಕದಲ್ಲಿ ‘ಫಲಿತಾಂಶ’ದ ಕೆಳಗೆ ‘ವ್ಯತ್ಯಾಸಕ್ಕೆ ಕಾರಣ’ವೆಂಬ ಅಂಕಣವೊಂದಿರಲಿ, ಅರ್ಧದಷ್ಟು ಅಂಕಗಳು ಅದಕ್ಕೇ ಮೀಸಲಾಗಲಿ. ಮಕ್ಕಳು ಅದನ್ನು ತಮ್ಮದೇ ಕನ್ನಡದಲ್ಲಿ ಬರೆಯಲಿ. ಭಾಷೆಯನ್ನು ತಿದ್ದಿಕೊಡಲು ಕನ್ನಡ ಪಂಡಿತರಾದ ನಾವಿದ್ದೇವೆ.