ದಂಡದ ಖರ್ಚು

ನಮ್ಮ ಮನೆಯಲ್ಲಿ ಗಂಡಸರು ತಂದದ್ದೆಲ್ಲ ಅಗತ್ಯದ್ದು, ನಾನು ಕೇಳಿದ್ದು ಮಾತ್ರ ದಂಡದ ಖರ್ಚು. ನಿಮ್ಮ ಮನೆಯಲ್ಲಿ ಹೀಗಿಲ್ಲವಾದರೆ ನೀವು ಪುಣ್ಯವಂತರು.

ಹೋದ ವರ್ಷ ಬೇಸಿಗೆ ರಜೆಗೆ ಬಂದ ಮಗ ಹಳೆಯ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಹೊಸ ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು, ದೊಡ್ಡ ಪವರ್ ಸಪ್ಲೈ ಎಲ್ಲ ಜೋಡಿಸಿದ. ಅಪ್ಪ, ಮಗ ಬಾಣಂತಿ ಕೋಣೆಯಲ್ಲಿ ಕೂಸು ನೋಡುವವರಂತೆ ಅದರ ಮುಂದೆ ಕೂತರು. ಆಟ ಶುರುವಾದದ್ದೇ ತಡ, ಮೇಜಿನ ಕೆಳಗಿದ್ದ ಹಳೆಯ ಯುಪಿಎಸ್ ಕೀ ಕೀ ಎಂದು ಅರಚತೊಡಗಿತು. ಇಷ್ಟು ಭಾರ ಹೊರಲಾರೆ ಎಂದು ಪಾಪ ಅದು ಹೇಳುತ್ತಿತ್ತು. ಇವರು ಮಾಡಿದ್ದೇನು ಗೊತ್ತೇ? ಅದನ್ನು ಕಿತ್ತು ಅಟ್ಟಕ್ಕೆ ಹಾಕಿದರು.

“ಹೊಸದೊಂದು ತನ್ನಿ” ಎಂದೆ.

“ಮನೇಲಿ ಇನ್ವರ್ಟರ್ ಇದೆಯಲ್ಲೇ, ದಂಡಕ್ಕೆ ಇನ್ನೊಂದ್ಯಾಕೆ?” ಎಂದರು ನಮ್ಮ ಮನೆಯವರು.

ಆಷಾಢದ ಒಂದು ಸಂಜೆ. ನನ್ನ ಅಮ್ಮನಿಗೆ ಎಂಬತ್ತಮೂರು. ಆಕೆಗೆ ಬರುವ ಹಸೆ ಹಾಡುಗಳನ್ನು ಕೇಳಿ ಕೇಳಿ ಟೈಪ್ ಮಾಡುತ್ತಿದ್ದೆ. ಅಂದು ಯಾಕೋ ಆಕೆಗೆ ಹುರುಪು; ನಾನು ಎಂದೂ ಕೇಳದ ಹಾಡೊಂದನ್ನು ನುಡಿ ನುಡಿಯಾಗಿ ಬಿಡಿಸಿ ಹೇಳಿದಳು. ಕರೆಂಟು ಹೋಯಿತು. ದೀಪ ಒಮ್ಮೆ ಕಣ್ಣು ಮಿಟುಕಿಸಿತು, ಅಷ್ಟೆ. ಫ್ಯಾನು ನಿಲ್ಲಲೂ ಇಲ್ಲ. ಕಂಪ್ಯೂಟರ್ ಮಾತ್ರ ಸತ್ತು ಮತ್ತೆ ಹುಟ್ಟಿ ಬಂತು, ಹಾಡಿಲ್ಲದೆ. ಮಾರನೆಯ ದಿನ ಕೇಳಿದರೆ ಅಮ್ಮ, “ಯಾವ ಹಾಡೇ?” ಎಂದಳು.

“ಆಗಾಗ ಸೇವ್ ಮಾಡ್ಬೇಕಿತ್ತಮ್ಮ” ಎಂದ ಮಗ. ಮಾಡಬೇಕಿತ್ತು, ಒಪ್ಪಿದೆ. ಆದರೆ ಸಾವಿರಾರು ರೂಪಾಯಿ ಸುರಿದು ಆಟಕ್ಕೆ ಅನುಕೂಲ ಮಾಡಿದವರು, ಕೆಲಸ ಉಳಿಯುವ ಹೊಣೆಯನ್ನು ನನ್ನ ಜ್ಞಾಪಕಶಕ್ತಿಯ ಮೇಲೆ ಹೊರಿಸಿದ್ದು ಯಾವ ನ್ಯಾಯ?

ನಾನು ಇತಿಹಾಸ ಪಾಠ ಮಾಡುವ ಬಿ.ಎ., ಬಿ.ಎಡ್. ವ್ಯಾಟು, ಆಂಪಿಯರು ನನ್ನ ಸೀಮೆಯಲ್ಲ. ಹಟ ಹಿಡಿದು ಕಲಿತೆ. ಕರೆಂಟು ತಪ್ಪಿದರೆ ಕಂಪ್ಯೂಟರ್ ತಡೆದುಕೊಳ್ಳುವುದು ಸೆಕೆಂಡಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. ದೀಪ, ಫ್ಯಾನಿಗೆಂದು ಹಾಕಿಸಿದ ಇನ್ವರ್ಟರ್ ಎದ್ದು ಬರಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಕೆಲವು ಇನ್ವರ್ಟರುಗಳ ಹಿಂದೆ ಯುಪಿಎಸ್ ಎಂಬ ಗುಂಡಿ ಇರುತ್ತದೆ, ನೋಡಿಕೊಳ್ಳಿ, ನಮ್ಮದರಲ್ಲಿ ಇರಲಿಲ್ಲ. ಇನ್ನು ಪೆಟ್ಟಿಗೆಯ ಮೇಲಿನ 600 ವಿಎ ನಂಬಿ ಕೂರಬೇಡಿ. ಅದು ನಿಜವಾಗಿ ಹೊರುವುದು ಸಾಮಾನ್ಯವಾಗಿ 360 ವ್ಯಾಟ್. ಗ್ರಾಫಿಕ್ಸ್ ಕಾರ್ಡು ಭರದಲ್ಲಿರುವಾಗ ಕಂಪ್ಯೂಟರಿಗೇ 300 ದಾಟಬಹುದು. ಒಳಗಿರುವ 12 ವೋಲ್ಟಿನ, 7 ಆಂಪಿಯರ್-ಅವರಿನ ಪುಟ್ಟ ಬ್ಯಾಟರಿ ಆ ಭಾರಕ್ಕೆ ಕೆಲವೇ ನಿಮಿಷ ಬಾಳೀತು. ಸಾಕು, ಅದು ಇರುವುದು ಉಳಿಸಿ ಮುಚ್ಚುವುದಕ್ಕೆ, ಆಟ ಮುಗಿಸುವುದಕ್ಕಲ್ಲ. ಮೂರು ನಾಲ್ಕು ವರ್ಷಕ್ಕೆ ಆ ಬ್ಯಾಟರಿಯೂ ಸೋಲುತ್ತದೆ. ಕುಕ್ಕರಿನ ಗ್ಯಾಸ್ಕೆಟ್ ಬದಲಾಯಿಸಲು ಯಾರನ್ನಾದರೂ ಕೇಳುತ್ತೇವೆಯೇ? ಇದೂ ಹಾಗೇ. ಹಳೆಯದರೊಳಗೆ ಸೀಸ, ಆಮ್ಲ ಇರುವುದರಿಂದ ಕಸಕ್ಕೆ ಎಸೆಯದೆ ಅಂಗಡಿಗೇ ಕೊಡಿ.

ತುಟ್ಟಿಭತ್ಯೆಯ ಬಾಕಿ ಬಂದಾಗ ಯಾರನ್ನೂ ಕೇಳದೆ ನಾನೇ ಹೋಗಿ 1100 ವಿಎ ತಂದೆ. ಹೊಸ ಪವರ್ ಸಪ್ಲೈಗೆ ಒಗ್ಗುತ್ತದೆಯೇ ಎಂದು ಅಂಗಡಿಯಲ್ಲಿ ಎರಡು ಬಾರಿ ಕೇಳಿದೆ, ಕೆಲವಕ್ಕೆ ಒಗ್ಗುವುದಿಲ್ಲವಂತೆ. ಗ್ರಾಫಿಕ್ಸ್ ಕಾರ್ಡಿನ ಬೆಲೆಯ ಕಾಲುಭಾಗವೂ ಆಗಲಿಲ್ಲ. “ದಂಡ ಮಾಡಿದೆ” ಎಂದರು ಇವರು. ಈಗ ಅವರ ತೆರಿಗೆ ಲೆಕ್ಕವೂ ಅದರ ನೆರಳಲ್ಲೇ ನಡೆಯುತ್ತಿದೆ, ಅದು ಬೇರೆ ಮಾತು.

ಕರೆಂಟು ಹೋಗಿ ಅದು ಕೂಗಿದಾಗ ಅಮ್ಮ ಹಾಡು ನಿಲ್ಲಿಸಿ, “ಅದೇನೇ ಕೂಗೋದು?” ಎನ್ನುತ್ತಾಳೆ. “ಏನಿಲ್ಲಮ್ಮ, ನೀನು ಹೇಳು” ಎನ್ನುತ್ತೇನೆ. ಇಪ್ಪತ್ತೇಳು ಹಾಡಾಗಿದೆ. ಹನ್ನೆರಡನೆಯದರ ಪುಟ ಖಾಲಿ ಬಿಟ್ಟಿದ್ದೇನೆ.