ವಿದ್ಯಾರ್ಥಿಗಳು ಕಟ್ಟುವ ಟ್ರಾಕ್ಟರು

ಇಂಜನಿಯರಿಂಗ್ ವಿದ್ಯಾರ್ಥಿಗಳು ತಾವೇ ವಾಹನವನ್ನು ರಚಿಸಿ ಪಂದ್ಯಕ್ಕೆ ತರುವರೆಂದರೆ, ಅದು ಪಟ್ಟಣದ ಹುಡುಗರ ವಿನೋದವೆಂದು ಊರಿನ ಹಿರಿಯರೂ ಜಮೀನುದಾರರೂ ಎಣಿಸುವುದು ಸಹಜವೇ. ಬರಿಯ ಓಟದ ಮೋಟಾರುಗಳಿಗೆ ಆ ಮಾತು ಸ್ವಲ್ಪಮಟ್ಟಿಗೆ ಸಲ್ಲಲೂಬಹುದು. ಆದರೆ ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ವ್ಯವಸಾಯ ಇಂಜನಿಯರುಗಳ ಸಂಘವು 1998ನೆಯ ಇಸವಿಯಲ್ಲಿ ಆರಂಭಿಸಿದ ಕಾಲಳತೆಯ ಟ್ರಾಕ್ಟರಿನ ಸ್ಪರ್ಧೆಯು ಒಕ್ಕಲುತನಕ್ಕೆ ನೇರವಾಗಿ ಸಂಬಂಧಪಟ್ಟುದಾಗಿದೆ.

ಆರಂಭದಲ್ಲಿ ಎಲ್ಲ ತಂಡಗಳಿಗೂ ಒಂದೇ ಬಗೆಯ ಎಂಜಿನನ್ನೂ ಟೈರುಗಳನ್ನೂ ಗೊತ್ತುಮಾಡಿದ್ದರು. ಚೌಕಟ್ಟು, ಗೇರು, ಚುಕ್ಕಾಣಿ ಮುಂತಾದುವೆಲ್ಲ ವಿದ್ಯಾರ್ಥಿಗಳ ಬುದ್ಧಿಗೆ ಬಿಟ್ಟವು. ಮುಂದೆ ಸಾಗಿದಷ್ಟೂ ಭಾರವಾಗುವ ಜಾರುಬಂಡಿಯನ್ನು ಎಳೆಯಿಸಿ ಯಂತ್ರದ ಬಲವನ್ನು ನೋಡುವರು. ಅಷ್ಟಕ್ಕೇ ಮುಗಿಯದು. ಕಾರಖಾನೆಯಲ್ಲಿ ಸುಲಭವಾಗಿ ತಯಾರಿಸಬಹುದೆ, ಕೆಟ್ಟರೆ ಬೇಗನೆ ಸರಿಪಡಿಸಬಹುದೆ, ನಡೆಸುವವನಿಗೆ ಅಪಾಯವಿಲ್ಲವೆ, ಸದ್ದು ಎಷ್ಟು ಎಂಬಿವಕ್ಕೂ ಗುಣಗಳನ್ನು ಹಾಕುವರು. ಬಿತ್ತನೆಯ ಹದವು ಎರಡು ದಿನಗಳಲ್ಲಿ ಆರಿಹೋಗುವ ಹೊಲದಲ್ಲಿ, ಒಂದು ಬೋಲ್ಟಿಗಾಗಿ ಅರ್ಧ ಯಂತ್ರವನ್ನೇ ಕಳಚಬೇಕಾದ ಟ್ರಾಕ್ಟರಿಗೆ ಎಷ್ಟು ಬಲವಿದ್ದರೇನು? ಇದನ್ನು ಪುಸ್ತಕದಿಂದ ಕಲಿಸಲಾಗದು; ಕೈಗೆ ಎಣ್ಣೆ ಮೆತ್ತಿದ ಮೇಲೆಯೇ ಹುಡುಗನಿಗೆ ತಿಳಿಯುವುದು.

ಆದರೂ ಒಂದು ಕೊರತೆಯುಂಟು. ಸಿದ್ಧಪಡಿಸಿದ ಹಾದಿಯಲ್ಲಿ ಬಂಡಿಯನ್ನೆಳೆದುದು ಹೊಲವನ್ನು ಉತ್ತಂತಾಗದು. ತೀರ್ಪು ಹೇಳುವವರೂ ಬಹುಮಟ್ಟಿಗೆ ಇಂಜನಿಯರುಗಳೇ. ಈ ದೃಷ್ಟಿಯಿಂದ, ಭಾರತದ ಮೋಟಾರು ಇಂಜನಿಯರುಗಳ ಸಂಘವು 'ಟಿಫಾನ್' ಎಂಬ ತನ್ನ ಸ್ಪರ್ಧೆಗೆ 2019ರ ಸುಮಾರಿನಲ್ಲಿ ಈರುಳ್ಳಿ ಕೀಳುವ ಯಂತ್ರವನ್ನೇ ವಿಷಯವಾಗಿಟ್ಟುದು ಮೆಚ್ಚತಕ್ಕುದು. ಗುಳವು ಮೇಲೆ ಬಂದರೆ ಗೆಡ್ಡೆ ಸೀಳುವುದು, ಆಳಕ್ಕೆ ಹೋದರೆ ಮಣ್ಣಿನ ಹೊರೆ ಹೆಚ್ಚಿ ಎಳೆತ ಭಾರವಾಗುವುದು. ಮಣ್ಣನ್ನು ಉದುರಿಸಲು ಹೆಚ್ಚು ಕುಲುಕಿದರೆ ಸಿಪ್ಪೆ ಜಜ್ಜಿ, ಗೆಡ್ಡೆಯು ಮೆದೆಯಲ್ಲಿ ಕೊಳೆಯುವುದು. ಗದಗ, ಧಾರವಾಡದ ಕಡೆ ಮುಂಗಾರಿನ ಬೆಳೆಯನ್ನು ಕೀಳುವಾಗ ಮಳೆ ಹಿಡಿದರಂತೂ ಎರೆಮಣ್ಣು ಅಂಟಿನಂತಾಗುವುದು. ಒಣಮಣ್ಣಿನಲ್ಲಿ ಗೆದ್ದ ಯಂತ್ರ ಅಲ್ಲಿ ನಿಂತುಬಿಡುವ ಸಂಭವವೇ ಹೆಚ್ಚು.

ಆದಕಾರಣ ಇಂತಹ ಸ್ಪರ್ಧೆಗಳಲ್ಲಿ ಪರೀಕ್ಷಕರ ಸಾಲಿನಲ್ಲಿ ಆ ಬೆಳೆಯನ್ನು ಬೆಳೆದ ಒಕ್ಕಲಿಗರಿಬ್ಬರಾದರೂ ಕೂಡತಕ್ಕದ್ದು. ವಿದ್ಯಾರ್ಥಿಗಳು ನಕ್ಷೆ ಬರೆಯುವ ಮೊದಲು ಒಂದು ಸುಗ್ಗಿಯನ್ನಾದರೂ ಹೊಲದಲ್ಲಿ ಕಳೆಯತಕ್ಕದ್ದು. ಹಾಗೆ ಹಳ್ಳಿಗೆ ಬಂದವರಿಗೆ ಹಾರಹಾಕಿ ಕಳುಹಿಸುವುದಕ್ಕಿಂತ, ಹತ್ತು ಗುಂಟೆ ಈರುಳ್ಳಿಯ ಹೊಲವನ್ನು ಬಿಟ್ಟುಕೊಟ್ಟು, ಸಂಜೆ ಗಾಯಗೊಂಡ ಗೆಡ್ಡೆಗಳನ್ನು ಬೇರೆ ಬುಟ್ಟಿಯಲ್ಲಿ ತೂಗಿಸಿ ತೋರಿಸುವುದು ಜಮೀನುದಾರರಿಂದ ಆಗತಕ್ಕ ಕೆಲಸ.